ಪಂಪು ಕೂರಿಸಿದರೆ ಸಾಲದು

ಅಡಿಕೆ, ತೆಂಗಿನ ಮರಗಳಿಂದ ಬಿದ್ದು ಬೆನ್ನುಹುರಿಗೆ ಘಾಸಿ ಮಾಡಿಕೊಂಡವರು ದಕ್ಷಿಣ ಕನ್ನಡದ ಕೃಷಿ ಗ್ರಾಮಗಳಿಗೆ ಅಪರಿಚಿತರಲ್ಲ. ಮಡಂತ್ಯಾರು ಸೇರಿರುವ ಬೆಳ್ತಂಗಡಿ ತಾಲ್ಲೂಕಿನಲ್ಲೇ, ಕೊಕ್ಕಡ ಸಮೀಪದ ಸೌತಡ್ಕದಲ್ಲಿ, ಇಂಥವರಿಗಾಗಿ ‘ಸೇವಾಧಾಮ’ ಪುನಶ್ಚೇತನ ಕೇಂದ್ರವಿದೆ.

ಸ್ವಾಧೀನ ತಪ್ಪಿದ ಕಾಲುಗಳು ಹಲವರಲ್ಲಿ ಕೊರಡಿನಂತೆ ಸೆಟೆದುಕೊಳ್ಳುತ್ತವೆ. ಇದಕ್ಕೆ ಬ್ಯಾಕ್ಲೋಫೆನ್ ಮಾತ್ರೆಯುಂಟು. ಮಾತ್ರೆ ಸಾಲದಾದಾಗ, ಇಲ್ಲವೇ ಅದರ ಮಂಪರು ತಾಳಲಾಗದಾಗ, ಇರುವ ಮಾರ್ಗಗಳಲ್ಲೊಂದು ಔಷಧ ಪಂಪು. ಹೊಟ್ಟೆಯ ಚರ್ಮದಡಿ ಕೂರಿಸುವ ಈ ಬಿಲ್ಲೆಯಾಕಾರದ ಯಂತ್ರವು ತೆಳು ನಳಿಕೆಯ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧವನ್ನು ಹನಿಸುತ್ತಿರುತ್ತದೆ. ಮಾತ್ರೆಯದು ಮಿಲಿಗ್ರಾಂ ಲೆಕ್ಕವಾದರೆ ಇಲ್ಲಿ ಮೈಕ್ರೋಗ್ರಾಂ ಸಾಕು. ಷಿಕಾಗೊದ ರಿಚರ್ಡ್ ಪೆನ್ ಮತ್ತು ಜೆಫ್ರಿ ಕ್ರೋಯಿನ್ 1984ರಲ್ಲಿ ವರದಿ ಮಾಡಿದ ಈ ಚಿಕಿತ್ಸೆಗೆ ಅಮೆರಿಕ 1992ರಲ್ಲಿ ಅನುಮತಿ ನೀಡಿತು.

ತೊಡಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಳಿಕೆಯಲ್ಲಿ. ಅದು ಮಡಚಬಹುದು, ಬಿರುಕು ಬಿಡಬಹುದು, ಸ್ಥಾನ ಬಿಟ್ಟು ಜಾರಬಹುದು. ಔಷಧ ಹಠಾತ್ತನೆ ನಿಂತರೆ ಒಂದರಿಂದ ಮೂರು ದಿನಗಳೊಳಗೆ ತುರಿಕೆ, ಜ್ವರ, ಮೊದಲಿಗಿಂತ ತೀವ್ರವಾದ ಸೆಡೆತ ಉಂಟಾಗಬಹುದು. ಅಲಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ. ಮಳೆಗಾಲದಲ್ಲಿ ಇಂಥ ಜ್ವರವನ್ನು ಡೆಂಗಿಯೆಂದೋ ಇಲಿಜ್ವರವೆಂದೋ ಭಾವಿಸುವುದು ಸುಲಭ.

ನಳಿಕೆ ಕಳಚಿದ್ದನ್ನು ಎಕ್ಸ್‌ರೇ ತೋರಿಸೀತು. ಸೂಕ್ಷ್ಮ ಸೋರಿಕೆ ಅದರ ಕಣ್ತಪ್ಪಬಹುದು. ಆಗ ನೆರವಾಗುವುದು ಪರಮಾಣು ವೈದ್ಯಕೀಯ. ಅಲ್ಪ ಪ್ರಮಾಣದ ವಿಕಿರಣಶೀಲ ಇಂಡಿಯಂ-111ನ್ನು ಡಿಟಿಪಿಎ ಎಂಬ ಸಂಯುಕ್ತದೊಡನೆ ಪಂಪಿಗೆ ತುಂಬಿ, ಅದು ಸಾಗುವ ಹಾದಿಯನ್ನು ಗಾಮಾ ಕ್ಯಾಮೆರಾದಿಂದ ದಿನದಿನವೂ ಚಿತ್ರಿಸಲಾಗುತ್ತದೆ. ವಸ್ತುವು ಬೆನ್ನುಹುರಿಯ ದ್ರವಕ್ಕೆ ತಲುಪಿದರೆ ಹಾದಿ ಸರಿಯಿದೆ. ನಡುವೆಯೇ ತಡೆದು ನಿಂತರೆ ಅಥವಾ ಚರ್ಮದಡಿ ಹರಡಿದರೆ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ. ಇಂಡಿಯಂನ ಅರ್ಧಾಯುಷ್ಯ 2.8 ದಿನಗಳಾದ್ದರಿಂದ ಇದು ಸಾಧ್ಯ. ಹೆಚ್ಚು ಬಳಕೆಯಲ್ಲಿರುವ ಟೆಕ್ನೀಶಿಯಂ-99ಎಂನ ಅರ್ಧಾಯುಷ್ಯ ಆರೇ ಗಂಟೆ. ನಿಧಾನವಾಗಿ ಹನಿಸುವ ಪಂಪಿನ ಬೆನ್ನು ಹತ್ತಲು ಅದು ಸಾಲದೇ ಹೋಗಬಹುದು.

ಇಂಥ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ಸಾಧ್ಯವಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ತರಬೇತಾದ ಸಿಬ್ಬಂದಿ, ವಿಕಿರಣಶೀಲ ವಸ್ತುವಿನ ಸಕಾಲಿಕ ಪೂರೈಕೆ ಎಲ್ಲವೂ ಬೇಕು. ಫಲಿತಾಂಶಕ್ಕೂ ದಿನಗಳು ಹಿಡಿಯುತ್ತವೆ. ಆದುದರಿಂದ ಔಷಧ ನಿಂತ ಲಕ್ಷಣ ಕಂಡಾಗ ಚಿತ್ರಕ್ಕಾಗಿ ಕಾಯದೆ ತುರ್ತು ಚಿಕಿತ್ಸೆ ಆರಂಭಿಸಬೇಕಾಗುತ್ತದೆ. ಪಂಪು ಕೂರಿಸಿದ್ದು ಬೆಂಗಳೂರಿನಲ್ಲಾದರೆ ನಡುವೆ ಘಟ್ಟವಿದೆ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ಘಾಟಿಯೇ ಮುಚ್ಚಿತ್ತು.

ಆದ್ದರಿಂದ ರೋಗಿಯ ಮನೆಯವರು ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲೇ ಮೂರು ಪ್ರಶ್ನೆ ಕೇಳಬೇಕು: ಔಷಧ ಮರುಪೂರಣ ಎಲ್ಲಿ? ನಳಿಕೆ ಕೆಟ್ಟರೆ ಪರೀಕ್ಷೆ ಎಲ್ಲಿ? ನಡುರಾತ್ರಿ ಕರೆ ಮಾಡಬೇಕಾದುದು ಯಾರಿಗೆ? ಉತ್ತರಗಳನ್ನು ಪಂಪಿನ ವಿವರದೊಡನೆ ಒಂದು ಚೀಟಿಯಲ್ಲಿ ಬರೆದುಕೊಟ್ಟು, ಅದರ ಪ್ರತಿಯನ್ನು ಊರಿನ ವೈದ್ಯರಿಗೂ ತಲುಪಿಸುವುದು ಪಂಪು ಕೂರಿಸುವ ಆಸ್ಪತ್ರೆಯ ಹೊಣೆಯಾಗಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.