12 ಪಂದ್ಯ, 10 ಅಂಕ: ಇನ್ನೂ ಚಾನ್ಸ್ ಇದೆಯಾ?

ಸೆಮಿಸ್ಟರ್ ಅರ್ಧ ಮುಗಿದ ಮೇಲೆ ನಾವೆಲ್ಲ ಒಂದು ಲೆಕ್ಕ ಹಾಕ್ತೀವಿ. 75 ಪರ್ಸೆಂಟ್ ಅಟೆಂಡೆನ್ಸ್ ಆಗಬೇಕು ಅಂದ್ರೆ ಇನ್ನು ಎಷ್ಟು ಕ್ಲಾಸ್ ಕೂರಬೇಕು? ಎಷ್ಟು ಬಂಕ್ ಹೊಡೀಬಹುದು? ನಮ್ಮ ಟೀಮು ಸೀಸನ್ ಶುರುವಿನಲ್ಲೇ ಮುಗ್ಗರಿಸಿದಾಗ ಫುಟ್‌ಬಾಲ್ ಅಭಿಮಾನಿಗಳು ಹಾಕುವುದೂ ಇದೇ ಲೆಕ್ಕ. ಒಂದೇ ವ್ಯತ್ಯಾಸ ಅಂದ್ರೆ, ಕ್ಲಾಸಿಗೆ ಹೋಗೋದು ಬಿಡೋದು ನಮ್ಮ ಕೈಲಿದೆ, ಮ್ಯಾಚ್ ಗೆಲ್ಲೋದು ಇಲ್ಲ.

ಈ ಲೆಕ್ಕ ಹೇಗೆ ಹಾಕಬೇಕು, ಎಲ್ಲಿ ಮೋಸ ಹೋಗ್ತೀವಿ ಅನ್ನೋದನ್ನ ನೋಡೋಕೆ ನಮ್ಮೂರಿನದ್ದೇ ಉದಾಹರಣೆ ಇದೆ: ಬೆಂಗಳೂರು ಎಫ್‌ಸಿಯ 2022-23ರ ಐಎಸ್‌ಎಲ್ ಸೀಸನ್.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಬಿಎಫ್‌ಸಿ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತ್ತು. ಟೀಮಿನಲ್ಲಿ ಸುನಿಲ್ ಛೆಟ್ರಿ, ರಾಯ್ ಕೃಷ್ಣ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್. ಇನ್ನೇನು, ಐಎಸ್‌ಎಲ್ ಕೂಡ ನಮ್ದೇ ಅಂದ್ಕೊಂಡ್ವಿ. ಆದರೆ ಡಿಸೆಂಬರ್ 30ರಂದು ಈಸ್ಟ್ ಬೆಂಗಾಲ್ ಎದುರು ಕೊನೆ ಗಳಿಗೆಯ ಫ್ರೀ ಕಿಕ್‌ಗೆ ಸೋತಾಗ ಸ್ಥಿತಿ ಹೀಗಿತ್ತು: 12 ಪಂದ್ಯ, 3 ಗೆಲುವು, 1 ಡ್ರಾ, 8 ಸೋಲು. ಒಟ್ಟು 10 ಅಂಕ. ಉಳಿದಿದ್ದು 8 ಪಂದ್ಯ.

ಮೊದಲ ಹೆಜ್ಜೆ: ಎಷ್ಟು ಬೇಕು?

ಆ ಸೀಸನ್‌ನಿಂದ ಪ್ಲೇಆಫ್ ನಿಯಮ ಬದಲಾಗಿತ್ತು. ಅಲ್ಲಿಯವರೆಗೆ ಮೊದಲ 4 ತಂಡಗಳಿಗೆ ಮಾತ್ರ ಅವಕಾಶ ಇತ್ತು. ಈಗ 6 ತಂಡ. ಮೊದಲ ಎರಡು ತಂಡ ನೇರ ಸೆಮಿಫೈನಲ್‌ಗೆ, 3ರಿಂದ 6ರವರೆಗಿನವು ಒಂದೊಂದು ನಾಕೌಟ್ ಆಡಿ ಸೆಮಿಗೆ. ಹಾಗಾಗಿ ನಮಗೆ ಬೇಕಿದ್ದಿದ್ದು 6ನೇ ಸ್ಥಾನ.

6ನೇ ಸ್ಥಾನಕ್ಕೆ ಎಷ್ಟು ಅಂಕ ಬೇಕಾಗಬಹುದು? ಹಿಂದಿನ ಸೀಸನ್‌ನಲ್ಲೂ ತಂಡಕ್ಕೆ 20 ಪಂದ್ಯ ಇತ್ತು. ಅದರಲ್ಲಿ 6ನೇ ಸ್ಥಾನಕ್ಕೆ ಬಂದವರು ನಾವೇ, 29 ಅಂಕಕ್ಕೆ. ಆದ್ದರಿಂದ 30 ಅಂತ ಇಟ್ಕೊಳ್ಳೋಣ. ಕೈಲಿರೋದು 10, ಬೇಕಾಗಿರೋದು ಇನ್ನೂ 20, ಸಿಗಬಹುದಾದದ್ದು ಹೆಚ್ಚೆಂದರೆ 24. 7 ಗೆದ್ದು 1 ಸೋತರೆ 21, ಪಾಸ್. 6 ಗೆದ್ದು 2 ಡ್ರಾ ಆದರೆ ಸರಿಯಾಗಿ 20, ಅದೂ ಪಾಸ್. 2 ಸೋತರೆ ಎಲ್ಲಾ ಸೇರಿ 28, ಆಮೇಲೆ ಬೇರೆಯವರ ರಿಸಲ್ಟ್ ಕಾಯ್ತಾ ಕೂರಬೇಕು.

ಎರಡನೇ ಹೆಜ್ಜೆ: ಸಾಧ್ಯತೆ ಎಷ್ಟು?

ಇಲ್ಲಿ ನಮ್ಮ ಪ್ರಾಬಬಿಲಿಟಿ ಪಾಠ ಉಪಯೋಗಕ್ಕೆ ಬರುತ್ತೆ. 12ರಲ್ಲಿ 3 ಗೆಲುವು ಅಂದ್ರೆ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ 1/4. ಡ್ರಾಗಳನ್ನು ಸದ್ಯಕ್ಕೆ ಬಿಟ್ಟು, 8ರಲ್ಲಿ 7 ಅಥವಾ 8 ಗೆಲ್ಲೋದಕ್ಕೆ ಬೈನಾಮಿಯಲ್ ಹಾಕಿದ್ರೆ ಬರೋದು 65,536ರಲ್ಲಿ 25. ಅಂದ್ರೆ ಸುಮಾರು 2,600ಕ್ಕೆ ಒಂದು. ಎಂಟಕ್ಕೆ ಎಂಟೂ ಗೆಲ್ಲೋದು 65,536ಕ್ಕೆ ಒಂದು. ಹೌದು, 2ರ ಘಾತ 16.

ಬಿಎಫ್‌ಸಿ ಎಂಟಕ್ಕೆ ಎಂಟೂ ಗೆದ್ದಿತು.

ನಾರ್ತ್‌ಈಸ್ಟ್ 2-1, ಒಡಿಶಾ 3-1, ಜಮ್‌ಶೆಡ್‌ಪುರ 3-0, ಚೆನ್ನೈಯಿನ್ 3-1, ಕೋಲ್ಕತ್ತಾದಲ್ಲಿ ಎಟಿಕೆ ಮೋಹನ್ ಬಗಾನ್ 2-1, ಕೇರಳ ಬ್ಲಾಸ್ಟರ್ಸ್ 1-0, 18 ಪಂದ್ಯ ಸೋಲದೆ ಬಂದಿದ್ದ ಮುಂಬೈ ಸಿಟಿ 2-1, ಕೊನೆಗೆ ಗೋವಾ 3-1. ಒಟ್ಟು 34 ಅಂಕ, 4ನೇ ಸ್ಥಾನ.

ಹಾಗಾದ್ರೆ ಲೆಕ್ಕ ತಪ್ಪಿದ್ದೆಲ್ಲಿ? ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿದ್ದು ನಾವು ಹಿಡಿದ 1/4ರಲ್ಲಿ. ಮೊದಲ 12 ಪಂದ್ಯ ಆಡಿದ ತಂಡವೇ, ಅದೇ ಪರಿಸ್ಥಿತಿಯಲ್ಲಿ, ಉಳಿದ 8ನ್ನೂ ಆಡುತ್ತೆ ಅಂತ ನಾವು ಹೇಳದೇ ಒಪ್ಕೊಂಡಿದ್ವಿ. ಆ 1/4ನ್ನು 1/2 ಮಾಡಿದ್ರೆ 7 ಅಥವಾ 8 ಗೆಲ್ಲುವ ಸಾಧ್ಯತೆ ಶೇಕಡಾ 3.5 ಆಗುತ್ತೆ. 3/4 ಮಾಡಿದ್ರೆ ಶೇಕಡಾ 37ರ ಹತ್ತಿರ. ಒಂದು ಊಹೆ ಬದಲಾದ್ರೆ ಉತ್ತರ ನೂರಾರು ಪಟ್ಟು ಬದಲಾಗುತ್ತೆ. ಆದ್ದರಿಂದ ಪಾಯಿಂಟ್ಸ್ ಟೇಬಲ್ ನೋಡಿ ಅಳೋಕೆ ಮುಂಚೆ ಆ ಊಹೆ ಬದಲಿಸೋಕೆ ಕಾರಣ ಇದೆಯಾ ಅಂತ ಹುಡುಕಬೇಕು.

ಮೂರನೇ ಹೆಜ್ಜೆ: ಕಾರಣ ಇದೆಯಾ?

ಡಿಸೆಂಬರ್ ಕೊನೆಯಲ್ಲೇ ಕೆಲವು ಕಾರಣಗಳು ಕಣ್ಣೆದುರು ಇದ್ದವು. ಒಂದು, ಸೋಲಿನ ಅಂತರ. 8 ಸೋಲುಗಳಲ್ಲಿ 6 ಬರೀ ಒಂದು ಗೋಲಿನವು. ಮುಂಬೈ ಎದುರು 4-0, ಹೈದರಾಬಾದ್ ಎದುರು 3-0, ಇವೆರಡೇ ಹೀನಾಯ ಸೋಲು. ಪ್ರತಿ ಸಲ 33 ಮಾರ್ಕ್ಸ್‌ಗೆ ಫೇಲ್ ಆಗೋನಿಗೂ 8 ಮಾರ್ಕ್ಸ್‌ಗೆ ಫೇಲ್ ಆಗೋನಿಗೂ ರಿಸಲ್ಟ್ ಒಂದೇ, ಆದರೆ ಮುಂದಿನ ಪರೀಕ್ಷೆಯ ಭರವಸೆ ಒಂದೇ ಅಲ್ಲ.

ಎರಡು, ವೇಳಾಪಟ್ಟಿ. ಮೊದಲ 12ರಲ್ಲಿ 7 ಪಂದ್ಯ ಹೊರಗಿದ್ದವು. ಉಳಿದ 8ರಲ್ಲಿ 5 ನಮ್ಮ ಕಂಠೀರವದಲ್ಲೇ. ಅದೂ ಅಲ್ಲದೆ ಸೀಸನ್ ಪೂರ್ತಿ ಒದ್ದಾಡಿ ಕೊನೆಯ ಎರಡು ಸ್ಥಾನಕ್ಕೆ ಬಿದ್ದ ಜಮ್‌ಶೆಡ್‌ಪುರ, ನಾರ್ತ್‌ಈಸ್ಟ್ ಎರಡೂ ಆ ಎಂಟರಲ್ಲಿದ್ದವು.

ಮೂರು, ಪ್ರತಿಸ್ಪರ್ಧಿಗಳ ಜತೆ ನೇರ ಪಂದ್ಯ. 6ನೇ ಸ್ಥಾನಕ್ಕೆ ಕಾದಾಡುತ್ತಿದ್ದ ಒಡಿಶಾ, ಗೋವಾ, ಚೆನ್ನೈಯಿನ್ ಮೂರೂ ತಂಡ ಬೆಂಗಳೂರಿಗೇ ಬರಬೇಕಿತ್ತು. ಇಂಥ ಪಂದ್ಯ ಗೆದ್ರೆ ನಮಗೆ 3 ಸಿಗೋದಷ್ಟೇ ಅಲ್ಲ, ಅವರಿಗೆ 3 ತಪ್ಪುತ್ತೆ. ಕೊನೆಗೆ ಆಗಿದ್ದೂ ಅದೇ. ಒಡಿಶಾ 30 ಅಂಕಕ್ಕೆ 6ನೇ ಸ್ಥಾನ ಹಿಡೀತು. ಕೊನೇ ಪಂದ್ಯ ನಮ್ಮೆದುರು ಸೋತ ಗೋವಾ 27ಕ್ಕೇ ನಿಂತು ಹೊರಬಿತ್ತು.

ನಾಲ್ಕನೆಯದು ಆಗ ಪೂರ್ತಿ ಕಾಣದೇ ಇದ್ದದ್ದು: ತಂಡದೊಳಗಿನ ಬದಲಾವಣೆ. ಕೋಚ್ ಸೈಮನ್ ಗ್ರೇಸನ್ ಛೆಟ್ರಿಯನ್ನೇ ಬೆಂಚ್ ಮೇಲೆ ಕೂರಿಸಿ, ಯುವ ಆಟಗಾರ ಶಿವಶಕ್ತಿ ನಾರಾಯಣನ್‌ನನ್ನು ರಾಯ್ ಕೃಷ್ಣ ಜೊತೆ ಮುಂದಕ್ಕೆ ಬಿಟ್ಟರು. ಮೊದಲ 12 ಪಂದ್ಯಗಳಲ್ಲಿ 8 ಗೋಲು ಹೊಡೆದು 17 ಬಿಟ್ಟುಕೊಟ್ಟಿದ್ದ ತಂಡ, ಉಳಿದ 8ರಲ್ಲಿ 19 ಹೊಡೆದು ಬರೀ 6 ಬಿಟ್ಟುಕೊಟ್ಟಿತು. ಅದು ಹೆಚ್ಚುಕಡಿಮೆ ಬೇರೆಯದೇ ತಂಡ.

ಅದೃಷ್ಟವೂ ಇತ್ತು, ಮುಚ್ಚಿಡೋದು ಬೇಡ. ಆ 8 ಗೆಲುವುಗಳಲ್ಲಿ 4 ಒಂದೇ ಗೋಲಿನ ಅಂತರದವು. ನಮ್ಮೆದುರು ಆಡೋಕೆ ಬರುವಷ್ಟರಲ್ಲಿ ಮುಂಬೈ ಲೀಗ್ ಶೀಲ್ಡ್ ಗೆದ್ದಾಗಿತ್ತು.

ಆಮೇಲೆ ಏನಾಯ್ತು?

ನಾಕೌಟ್‌ನಲ್ಲಿ ಕೇರಳ ಎದುರು ಹೆಚ್ಚುವರಿ ಸಮಯದಲ್ಲಿ, ಬದಲಿ ಆಟಗಾರನಾಗಿ ಬಂದಿದ್ದ ಛೆಟ್ರಿ ಎದುರಾಳಿ ಗೋಡೆ ಕಟ್ಟೋಕೆ ಮೊದಲೇ ಫ್ರೀ ಕಿಕ್ ಹೊಡೆದರು. ಗೋಲು. ಕೇರಳ ತಂಡ ಮೈದಾನ ಬಿಟ್ಟು ಹೋಯಿತು. ಸರಿನಾ ತಪ್ಪಾ ಅಂತ ಮೆಸ್‌ನಲ್ಲಿ ಇವತ್ತಿಗೂ ಜಗಳ ನಡೆಯುತ್ತೆ. ಸೆಮಿಯಲ್ಲಿ ಮುಂಬೈ ಎದುರು ಎರಡೂ ಪಂದ್ಯ ಸೇರಿ 2-2, ಪೆನಾಲ್ಟಿಯಲ್ಲಿ 9-8. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಫೈನಲ್. ಎಟಿಕೆ ಮೋಹನ್ ಬಗಾನ್ ಎದುರು 2-2. ಪೆನಾಲ್ಟಿಯಲ್ಲಿ 4-3ರಿಂದ ಸೋತೆವು.

ಅಲ್ಲಿಗೂ ಕಥೆ ಮುಗಿಯಲ್ಲ. ಮುಂದಿನ ಸೀಸನ್, 2023-24, ಮತ್ತೆ ಕೆಟ್ಟ ಶುರು. ಈ ಸಲ ನಮ್ಮ ಬಳಿ ರೆಡಿ ಉತ್ತರ ಇತ್ತು: "ಹೋದ ವರ್ಷ ನೋಡಿಲ್ವಾ? ಎಂಟಕ್ಕೆ ಎಂಟು!" ಯಾರೂ ಕಾರಣ ಹುಡುಕಲಿಲ್ಲ. ಹಳೇ ಪವಾಡವನ್ನೇ ಪುರಾವೆ ಅಂದ್ಕೊಂಡ್ವಿ. ಆ ಸೀಸನ್ ಮುಗಿಸಿದ್ದು 10ನೇ ಸ್ಥಾನದಲ್ಲಿ.

ಎದ್ದು ಬಂದ ತಂಡಗಳ ಕಥೆ ಮಾತ್ರ ನಮಗೆ ನೆನಪಿರುತ್ತೆ. 2024ರ ಐಪಿಎಲ್‌ನಲ್ಲಿ ಮೊದಲ 8ರಲ್ಲಿ 7 ಸೋತ ಆರ್‌ಸಿಬಿ ಆಮೇಲೆ ಸತತ 6 ಗೆದ್ದು ಪ್ಲೇಆಫ್‌ಗೆ ಹೋಗಿದ್ದು ಎಲ್ಲರಿಗೂ ಬಾಯಿಪಾಠ. ಹಾಗೇ ಬಿದ್ದು ಬಿದ್ದಲ್ಲೇ ಉಳಿದ ಸೀಸನ್‌ಗಳ ಬಗ್ಗೆ ಯಾರೂ ಸ್ಟೇಟಸ್ ಹಾಕಲ್ಲ. ಆದ್ದರಿಂದ "ಹಿಂದೆ ಆಗಿದೆ" ಅನ್ನೋದು ಸಾಧ್ಯ ಅಂತ ಹೇಳುತ್ತೆ, ಎಷ್ಟು ಸಾಧ್ಯ ಅಂತ ಹೇಳಲ್ಲ.

ಮುಂದಿನ ಸಲ ಟೀಮು ಎಡವಿದಾಗ ನಾವು ಕೇಳಬೇಕಾದ್ದು ಇಷ್ಟು: ಸೋಲಿನ ಅಂತರ ಎಷ್ಟು? ಉಳಿದ ಪಂದ್ಯ ಎಲ್ಲಿ, ಯಾರ ಜೊತೆ? ತಂಡದಲ್ಲಿ ಏನಾದ್ರೂ ಬದಲಾಗಿದೆಯಾ? ಮೂರಕ್ಕೂ ಒಳ್ಳೆ ಉತ್ತರ ಇದ್ರೆ ಆಸೆ ಇಟ್ಕೊಳ್ಳೋಣ. ಒಂದಕ್ಕೂ ಇಲ್ಲ ಅಂದ್ರೂ ಕಂಠೀರವಕ್ಕೆ ಹೋಗೇ ಹೋಗ್ತೀವಿ ಬಿಡಿ, ಆದರೆ ಆವತ್ತು ಹೋಗೋದು ಲೆಕ್ಕ ನೋಡಿ ಅಲ್ಲ, ಟೀಮು ನಮ್ಮದು ಅಂತ.