ಮಿಡಿಗೆ ಬಂದ ಕೀರ್ತಿ, ಮರಕ್ಕೆ ಬಂದ ಕುತ್ತು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಎಲೆಯ ತುದಿಗೆ ಬೀಳುವ ಉಪ್ಪಿನಕಾಯಿ ಯಾವುದೋ ಒಂದು ಮಾವಿನದಾದರೆ ಸಾಲದು. ಹೊಳೆಯ ದಂಡೆಯಲ್ಲಿಯೋ ಕಾನಿನ ಅಂಚಿನಲ್ಲಿಯೋ ತಾನಾಗಿ ಹುಟ್ಟಿ ಬೆಳೆದ ಅಪ್ಪೆ ಎಂಬ ಕಾಡುಮಾವಿನ ಮಿಡಿಯೇ ಆಗಬೇಕೆಂಬುದು ಮಲೆನಾಡಿಗರ ನಿಷ್ಠುರವಾದ ಅಭಿರುಚಿ. ಈ ಮಿಡಿಯ ಸರ್ವಸ್ವವೂ ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯಲ್ಲಿದೆ. ಚರ್ಮಕ್ಕೆ ತಾಗಿದರೆ ಸುಡುವ ಆ ದ್ರವವೇ ಪರಿಮಳದ ಮೂಲವಾದುದರಿಂದ, ಬಲ್ಲವರು ಕೊಳ್ಳುವ ಮುನ್ನ ಒಂದು ಮಿಡಿಯ ತೊಟ್ಟು ಮುರಿದು ಮೂಸುತ್ತಾರೆ. ಉಪ್ಪಿಗೆ ಹಾಕುವಾಗ ಉಳಿದವುಗಳ ತೊಟ್ಟನ್ನು ಕಾಪಾಡುತ್ತಾರೆ. ಜೀರಿಗೆಯ ವಾಸನೆ ಬಂದರೆ ಅದು ಜೀರಿಗೆ ಮಿಡಿ. ಉಪ್ಪಿನಲ್ಲಿ ಚಿರುಟಿ, ಸಾಸಿವೆ ಮೆಣಸಿನ ಖಾರವನ್ನು ಹೀರಿಕೊಂಡ ಒಳ್ಳೆಯ ಅಪ್ಪೆಯು ಭರಣಿಯಲ್ಲಿ ವರ್ಷಗಳು ಕಳೆದರೂ ಹಲ್ಲಿಗೆ ಗಟ್ಟಿಯಾಗಿಯೇ ಸಿಕ್ಕುತ್ತದೆ.

ಪುರಪ್ಪೆಮನೆ ಅಪ್ಪೆ, ಗೆಣಸಿನಕುಣಿ ಜೀರಿಗೆ, ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಮುಂತಾದ ಹೆಸರುಗಳು ವಸ್ತುತಃ ಬಹುಮಟ್ಟಿಗೆ ಒಂದೊಂದು ಮೂಲವೃಕ್ಷದ ಹೆಸರುಗಳು. ಪರಾಗವು ಕೀಟಗಳ ಮೂಲಕ ಅನ್ಯವೃಕ್ಷಗಳಿಂದ ಬರುವುದರಿಂದ, ಗೊರಟು ನೆಟ್ಟು ಬೆಳೆಸಿದ ಸಸಿಯು ತಾಯಿಯ ಗುಣವನ್ನೇ ಪಡೆದೀತೆಂಬ ಭರವಸೆಯಿಲ್ಲ. ಹೀಗಾಗಿ ಒಂದು ಮರ ಬಿದ್ದರೆ ಒಂದು ರುಚಿಯೇ ನಿರ್ವಂಶವಾದಂತೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಮುಗಿದ ಅಣೆಕಟ್ಟು ಹೊಳೆಸಾಲಿನ ಕಾಡುಗಳನ್ನು ಮುಳುಗಿಸಿತು. ಪ್ಲೈವುಡ್ ಕಾರ್ಖಾನೆಗಳು ಮಾವಿನ ದಿಮ್ಮಿಗಳನ್ನು ನುಂಗಿದವು. ಆದರೆ ಇವೆಲ್ಲಕ್ಕಿಂತ ವಿಚಿತ್ರವಾದ ಕುತ್ತು ಮಿಡಿಯ ಕೀರ್ತಿಯಿಂದಲೇ ಬಂದಿದೆ: ಬೆಲೆಯಿರುವುದು ಎಳೆಯ ಮಿಡಿಗಾದುದರಿಂದ, ಕೊಯ್ಯುವವರು ಕೆಲವೊಮ್ಮೆ ಕೊಂಬೆಯನ್ನೇ ಕಡಿದು ಕೆಡವಿ ಮರವನ್ನು ಬರಿದುಮಾಡುತ್ತಾರೆ, ಹಣ್ಣಾಗಿ ನೆಲಕ್ಕುದುರುವ ಗೊರಟೇ ಉಳಿಯದ ಬುಡದಲ್ಲಿ ಸಸಿ ಏಳುವುದೆಂತು?

ಇದಕ್ಕೆ ಕಂಡುಕೊಂಡ ಉಪಾಯ ಕಸಿ. ಕಾಟುಮಾವಿನ ಸಸಿಯ ಎಳೆಕಾಂಡವನ್ನು ಸೀಳಿ, ಹೆಸರಾದ ಮರದ ಕಡ್ಡಿಯನ್ನು ಬೆಣೆಯಾಗಿ ಹೆರೆದು ಅದರಲ್ಲಿ ಕೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರೆ, ಮೂಲವೃಕ್ಷದ ಗುಣ ಯಥಾವತ್ತಾಗಿ ತೋಟಕ್ಕೆ ಬರುತ್ತದೆ. ಮಿಡಿಗಾಗಿ ಮುಗಿಲೆತ್ತರದ ಮರ ಹತ್ತುವ ಅಪಾಯವೂ ತಪ್ಪುತ್ತದೆ. ಈ ಸೀಮೆಯ ಹಲವು ಅಡಕೆ ಬೆಳೆಗಾರರು ತೋಟದ ಅಂಚಿನಲ್ಲಿಯೂ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟದಲ್ಲಿಯೂ ಇಂತಹ ಗಿಡಗಳನ್ನು ನೆಟ್ಟಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಪ್ಪೆಗಳನ್ನು ಸಂಗ್ರಹಿಸಿ ಬೆಳೆಸಿದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಆದರೂ ಕಸಿಯ ತೋಟವೊಂದೇ ಸಾಕೆಂದು ನನಗೆ ತೋರುವುದಿಲ್ಲ. ಗಿರಾಕಿ ಕೇಳುವ ನಾಲ್ಕಾರು ಜೀರಿಗೆ ಮಿಡಿಗಳನ್ನೇ ನರ್ಸರಿಗಳು ಕಟ್ಟುತ್ತ ಹೋಗುವುದು ಸ್ವಾಭಾವಿಕ. ಅದೂ ಅಲ್ಲದೆ ಕಸಿಯು ಇದ್ದುದನ್ನು ಉಳಿಸೀತೇ ಹೊರತು ಹೊಸದನ್ನು ಹುಟ್ಟಿಸಲಾರದು. ಇಂದು ಹೆಸರು ಪಡೆದಿರುವ ಅಪ್ಪೆಗಳೆಲ್ಲವೂ ಹಿಂದೊಮ್ಮೆ ಯಾರೂ ನೆಡದ ಗೊರಟುಗಳಿಂದ ಎದ್ದವುಗಳೇ. ಆದುದರಿಂದ ಗುತ್ತಿಗೆಗೆ ಮರ ಕೊಡುವವರು ನೆತ್ತಿಯ ಒಂದೆರಡು ಕೊಂಬೆಗಳನ್ನು ಕೊಯ್ಯದೆ ಬಿಡಬೇಕೆಂಬ ಕರಾರು ಹಾಕುವುದು ಮೇಲು. ಅಲ್ಲಿ ಮಾಗುವ ಹಣ್ಣು ಹುಳಿಯಾಗಿರಲಿ, ನಾರಾಗಿರಲಿ, ಗೊರಟನ್ನು ಒಯ್ದು ಬಿತ್ತುವ ಮಂಗಗಳಿಗೂ ಮಳೆನೀರಿಗೂ ಆ ಚಿಂತೆಯಿಲ್ಲ.