ಪರದೆಯ ಹಿಂದಿನ ಲೆಕ್ಕ

ಗುಬ್ಬಿಯ ನಮ್ಮ ಮನೆಯಲ್ಲಿ ದೊಡ್ಡಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಕೋವಿಡ್ ಎರಡನೆಯ ಅಲೆಯ ದಿನಗಳವು. ಅಮೆರಿಕದಲ್ಲಿದ್ದ ಅವರ ಮಗನಿಗೆ ಬರಲು ದಾರಿಯಿರಲಿಲ್ಲ. ತೋಟದ ಅಂಚಿನಲ್ಲಿ ನಡೆದ ಅಂತ್ಯಕ್ರಿಯೆಯನ್ನು ನಾನು ಮೊಬೈಲ್ ಹಿಡಿದು ಅವನಿಗೆ ತೋರಿಸುತ್ತಿದ್ದೆ. ಕೊನೆಯ ಬಾರಿ ಮುಖ ತೋರಿಸುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಬಿಟ್ಟಿತು. ರಾತ್ರಿ ಮತ್ತೆ ಮಾತನಾಡಿದಾಗ ಅಣ್ಣ ಹೇಳಿದ: ‘ಅಪ್ಪನ ಮುಖ ಅಲ್ಲೇ ನಿಂತ್ಹೋಯ್ತು ಕಣೋ. ಆದ್ರೆ ನಿಮ್ಮ ಮಾತೆಲ್ಲ ಕೇಳಿಸ್ತಿತ್ತು. ಅಷ್ಟೇ ಸಮಾಧಾನ.’

ಚಿತ್ರ ನಿಂತರೂ ಧ್ವನಿ ಉಳಿದದ್ದು ಆಕಸ್ಮಿಕವಲ್ಲವೆಂದು ಅನಂತರ ತಿಳಿಯಿತು. ಧ್ವನಿ ಸಾಗಿಸಲು ಬೇಕಾಗುವ ಹಾದಿ ಬಹಳ ಕಿರಿದು. ಚಿತ್ರಕ್ಕೆ ಅದರ ಹಲವು ಪಟ್ಟು ಬೇಕು. ಸಂಪರ್ಕ ಕ್ಷೀಣಿಸಿದಾಗ ಮೊದಲು ಚಿತ್ರವನ್ನು ಬಿಟ್ಟುಕೊಟ್ಟು ಮಾತನ್ನು ಉಳಿಸಿಕೊಳ್ಳುವುದು ಇಂಥ ತಂತ್ರಾಂಶ ರೂಪಿಸುವವರ ಸಾಮಾನ್ಯ ನಿರ್ಧಾರ. ಎಲ್ಲೋ ಕುಳಿತ ಎಂಜಿನಿಯರನೊಬ್ಬ ಮಾಡಿದ ಆಯ್ಕೆ ನಮ್ಮ ಮನೆಯ ದುಃಖದ ಗಳಿಗೆಗೆ ಒದಗಿ ಬಂದಿತ್ತು. ಈ ಉದ್ಯಮವನ್ನು ನಡೆಸುವವರು ಏನನ್ನು ನೆಚ್ಚುತ್ತಾರೆ, ಯಾವುದಕ್ಕೆ ಅಂಜುತ್ತಾರೆ ಎಂಬ ಕುತೂಹಲ ನನಗೆ ಹುಟ್ಟಿದ್ದು ಆಗಲೇ.

ಎದುರುಬದುರು ಮುಖ ನೋಡಿ ಮಾತನಾಡುವ ದೂರವಾಣಿಯ ಕನಸು ಹೊಸದೇನಲ್ಲ. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ‘ಪಿಕ್ಚರ್‌ಫೋನ್’ ಪ್ರದರ್ಶಿಸಿತು. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಸೇವೆಯನ್ನೂ ಆರಂಭಿಸಿತು. ತಿಂಗಳಿಗೆ 160 ಡಾಲರ್ ಬಾಡಿಗೆ. ಅಷ್ಟು ಕೊಟ್ಟರೂ ಮಾತನಾಡಲು ಆ ಕಡೆಯವರ ಬಳಿಯೂ ಅದೇ ಯಂತ್ರ ಇರಬೇಕಲ್ಲವೇ? ಗಿರಾಕಿಗಳು ಸಿಗದೆ ಯೋಜನೆ ಸೋತಿತು. 2003ರಲ್ಲಿ ಹುಟ್ಟಿ ಪರದೇಶದ ಮಕ್ಕಳನ್ನು ನಮ್ಮ ಪಡಸಾಲೆಗೆ ತಂದ ಸ್ಕೈಪ್ ಅನ್ನು ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರ್ ತೆತ್ತು ಕೊಂಡಿತು. 2025ರ ಮೇ 5ರಂದು ಅದನ್ನು ಮುಚ್ಚಿತು. ಮನೆಮಾತಾಗಿದ್ದ ಹೆಸರೂ ಇಲ್ಲಿ ಶಾಶ್ವತವಲ್ಲ.

ಅಮೆರಿಕದಲ್ಲಿ ಸಾರ್ವಜನಿಕರಿಗೆ ಷೇರು ಮಾರುವ ಕಂಪನಿ ತನ್ನ ವ್ಯವಹಾರದ ಅಪಾಯಗಳನ್ನು ತಾನೇ ಬರೆದು ಒಪ್ಪಿಸಬೇಕೆಂಬ ನಿಯಮವಿದೆ. ಎರಿಕ್ ಯುವಾನ್ 2011ರಲ್ಲಿ ಸ್ಥಾಪಿಸಿದ ಜೂಮ್ ಕಂಪನಿ ಷೇರುಪೇಟೆ ಪ್ರವೇಶಿಸುವ ಮುನ್ನ, 2019ರ ಮಾರ್ಚ್‌ನಲ್ಲಿ, ಅಂಥ ದಾಖಲೆ ಸಲ್ಲಿಸಿತು. ತನ್ನ ಉತ್ಪನ್ನ ಅಭಿವೃದ್ಧಿಯ ಸಿಬ್ಬಂದಿಯಲ್ಲಿ ಬಹಳಷ್ಟು ಮಂದಿ ಚೀನಾದಲ್ಲಿದ್ದಾರೆ, ಇದರಿಂದ ಮಾಹಿತಿ ಸುರಕ್ಷತೆಯ ಬಗ್ಗೆ ಪ್ರಶ್ನೆಗಳು ಏಳಬಹುದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಒಂದೇ ವರ್ಷದಲ್ಲಿ ಆ ಮಾತು ನಿಜವಾಯಿತು. 2019ರ ಡಿಸೆಂಬರ್‌ನಲ್ಲಿ ಜೂಮ್ ಸಭೆಗಳಲ್ಲಿ ದಿನಕ್ಕೆ ಹೆಚ್ಚೆಂದರೆ ಒಂದು ಕೋಟಿ ಮಂದಿ ಪಾಲ್ಗೊಳ್ಳುತ್ತಿದ್ದರು. 2020ರ ಮಾರ್ಚ್‌ನಲ್ಲಿ ಆ ಸಂಖ್ಯೆ 20 ಕೋಟಿ ದಾಟಿತು. ಕಚೇರಿಗಳಿಗೆಂದು ಕಟ್ಟಿದ ಉತ್ಪನ್ನ ಶಾಲೆಗೆ, ಮದುವೆಗೆ, ಮಸಣಕ್ಕೆ ಬಂತು. ಕರೆಯದೇ ಬಂದ ಕಿಡಿಗೇಡಿಗಳು ತರಗತಿಗಳಿಗೆ ನುಗ್ಗಿದರು. ಕೆಲವು ಸಭೆಗಳ ಗೂಢಲಿಪಿಯ ಕೀಲಿಗಳು ಚೀನಾದ ಸರ್ವರ್‌ಗಳಿಂದ ಬರುತ್ತಿದ್ದುದನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಆ ಏಪ್ರಿಲ್‌ನಲ್ಲಿ ಬಯಲಿಗೆಳೆಯಿತು. ಅದೇ ತಿಂಗಳು 16ರಂದು ನಮ್ಮ ಕೇಂದ್ರ ಗೃಹ ಸಚಿವಾಲಯವೂ ಈ ವೇದಿಕೆ ಸುರಕ್ಷಿತವಲ್ಲವೆಂದು ಎಚ್ಚರಿಸಿತು. ಅಪಾಯವನ್ನು ಹೆಸರಿಸುವುದು ಬೇರೆ, ನಿವಾರಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಆದರೆ ಯುವಾನ್ ಆಗ ಕೈಗೊಂಡ ಒಂದು ನಿರ್ಧಾರ ಗಮನಾರ್ಹ. 90 ದಿನಗಳ ಕಾಲ ಹೊಸ ಸೌಲಭ್ಯಗಳ ಅಭಿವೃದ್ಧಿಯನ್ನು ನಿಲ್ಲಿಸಿ, ಎಂಜಿನಿಯರುಗಳನ್ನೆಲ್ಲ ಸುರಕ್ಷತೆಯ ದುರಸ್ತಿಗೆ ಹಚ್ಚುವುದಾಗಿ ಅವರು ಪ್ರಕಟಿಸಿದರು. ಬೇಡಿಕೆ ಉಕ್ಕುತ್ತಿರುವಾಗ ಹೊಸತನ್ನು ನಿಲ್ಲಿಸಿ ಹಳೆಯದನ್ನು ಸರಿಪಡಿಸಲು ಎದೆಗಾರಿಕೆ ಬೇಕು. ಹಾಗೆಂದು ಎಲ್ಲವೂ ಮಾಫಿಯಾಗಲಿಲ್ಲ. ಗೂಢಲಿಪಿಯ ಬಗ್ಗೆ ಬಳಕೆದಾರರನ್ನು ತಪ್ಪುದಾರಿಗೆಳೆದಿದೆ ಎಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2020ರ ನವೆಂಬರ್‌ನಲ್ಲಿ ಕಂಪನಿಯನ್ನು ಒಪ್ಪಂದಕ್ಕೆ ಕಟ್ಟಿಹಾಕಿತು. ಒಂದು ವರ್ಷದಲ್ಲಿ 62 ಕೋಟಿ ಡಾಲರಿನಿಂದ 265 ಕೋಟಿಗೆ ಜಿಗಿದ ವರಮಾನ ಅದೇ ವೇಗದಲ್ಲಿ ಮುಂದುವರಿಯಲಿಲ್ಲ. ವಿಪರೀತ ನೇಮಕಾತಿಯ ಫಲವಾಗಿ 2023ರ ಫೆಬ್ರುವರಿಯಲ್ಲಿ ಸುಮಾರು 1,300 ಮಂದಿ ಕೆಲಸ ಕಳೆದುಕೊಂಡರು.

ಇದನ್ನೆಲ್ಲ ಓದುವಾಗ ನನಗೆ ನೆನಪಾಗುವುದು ನಮ್ಮೂರಿನದೇ ಇನ್ನೊಂದು ಕಂಪನಿ. 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಗೂ ಪರದೆಯೇ ಬಂಡವಾಳ. ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಚಲನಚಿತ್ರ ತಮ್ಮ ಪ್ರೇಕ್ಷಕರನ್ನು ಸೆಳೆಯುವ ಪ್ರತಿಸ್ಪರ್ಧಿಯೆಂದು ಅರಿತೂ ಅದಕ್ಕೇ ಹಣ ಹೂಡಿದರು. ಅವರು ನಿರ್ಮಿಸಿದ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಎಂಬ ನಾಯಕನಟ ನಾಡಿಗೆ ದೊರೆತರು. ಅಪಾಯಗಳ ಪಟ್ಟಿಯನ್ನು ವೀರಣ್ಣನವರಿಂದ ಯಾವ ಆಯೋಗವೂ ಕೇಳಲಿಲ್ಲ. ಮಳೆ, ಸಾಲ, ಖಾಲಿ ಕುರ್ಚಿ, ಎಲ್ಲವೂ ಪ್ರತಿ ಸಂಜೆ ಕಣ್ಣೆದುರೇ ಇರುತ್ತಿದ್ದವು. ಎದುರಿಗೆ ಕುಳಿತ ಪ್ರೇಕ್ಷಕ ಬೇಸತ್ತರೆ ಅಂದೇ ತಿಳಿಯುತ್ತಿತ್ತು.

ಇಂದಿನ ಪರದೆಯ ಕಂಪನಿಗಳಿಗೆ ಆ ಪ್ರೇಕ್ಷಕ ಕಾಣುವುದಿಲ್ಲ. ಕೊರತೆ ಇರುವುದು ಅಲ್ಲಿಯೇ. 2020ರಲ್ಲಿ ಕೇಂದ್ರ ಸರ್ಕಾರ ಸ್ವದೇಶಿ ವಿಡಿಯೊ ಸಂವಾದ ವ್ಯವಸ್ಥೆಗಾಗಿ ಸ್ಪರ್ಧೆ ಏರ್ಪಡಿಸಿದಾಗ ಒಂದು ಕೋಟಿ ರೂಪಾಯಿಯ ಬಹುಮಾನ ಗೆದ್ದದ್ದು ಕೇರಳದ ಆಲಪ್ಪುಳದ ಟೆಕ್‌ಜೆನ್‌ಷಿಯಾ ಎಂಬ ಪುಟ್ಟ ಕಂಪನಿ. ದೊಡ್ಡ ನಗರವೇ ಬೇಕೆಂದಿಲ್ಲ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ನಮ್ಮ ಮಕ್ಕಳಿಗೂ ಇದು ಆಗದ ಕೆಲಸವಲ್ಲ.

ಅವರಲ್ಲಿ ನನ್ನದೊಂದು ವಿನಂತಿ. ಅಪಾಯಗಳ ಪಟ್ಟಿ ಬರೆಯುವಾಗ ಬಂಡವಾಳ, ಪೈಪೋಟಿ, ಕಾನೂನುಗಳ ಜೊತೆಗೆ ಇನ್ನೊಂದು ಸಾಲು ಸೇರಿಸಲಿ: ನಮ್ಮ ಉತ್ಪನ್ನವನ್ನು ನೆಚ್ಚಿದವನ ಬದುಕಿನಲ್ಲಿ ಮರಳಿ ಬಾರದ ಗಳಿಗೆಗಳಿವೆ. ಆ ಸಾಲನ್ನು ಬರೆದು ಕಡತದಲ್ಲಿಟ್ಟರೆ ಸಾಲದು. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಪರೀಕ್ಷಿಸಿ ತೃಪ್ತರಾಗದೆ, ಸಂಕೇತ ಕ್ಷೀಣಿಸುವ ತೋಟದ ಅಂಚಿಗೂ ಒಮ್ಮೆ ಫೋನು ಹಿಡಿದು ಬರಲಿ. ನಮ್ಮ ತೋಟವೇ ಆಗಬಹುದು; ದೊಡ್ಡಪ್ಪನ ಮುಖ ನಿಂತುಹೋದ ಜಾಗವನ್ನು ನಾನೇ ತೋರಿಸುತ್ತೇನೆ.